ಮೂರನೆಯ ಎಳೆ

ಪೀಂ. ಎರಡು ಸೆಕೆಂಡು ಸುಮ್ಮನೆ. ಮತ್ತೆ ಪೀಂ.

ಸದ್ದು ಒಂದೇ ಕಡೆಯಿಂದ ಬಂದಿದ್ದರೆ ಪ್ರಫುಲ್ಲಾಗೆ ಅಷ್ಟು ಆಯಾಸವಾಗುತ್ತಿರಲಿಲ್ಲ. ಅದು ನೆಲಮಾಳಿಗೆಯ ಉದ್ದನೆಯ ಓಣಿಯ ಎರಡೂ ಬದಿಯಿಂದ, ಒಂದಕ್ಕೊಂದು ತಾಳ ಸೇರದೆ ಬರುತ್ತಿತ್ತು. ಹತ್ತಿರದ್ದು ನಿಲ್ಲುವ ಮೊದಲೇ ದೂರದ್ದು ಶುರುವಾಗುತ್ತಿತ್ತು. ಲಿಫ್ಟಿನಿಂದ ಇಳಿದವಳು ಕೋಟಿನ ಗುಂಡಿ ಬಿಚ್ಚದೆ ನಿಂತು ಕಿವಿಗೊಟ್ಟಳು. ಗಂಟೆ ಏಳೂಮುಕ್ಕಾಲು. ಹೊರಗೆ ಮೇ ತಿಂಗಳ ಬಿಸಿಲು ಆಗಲೇ ನಾಲ್ಕು ಗಂಟೆ ಹಳೆಯದಾಗಿತ್ತು. ಇಲ್ಲಿ ಮಾತ್ರ ಟ್ಯೂಬ್‌ಲೈಟಿನ ಬೆಳಕು. ಅದಕ್ಕೆ ಬೆಳಗೂ ಇಲ್ಲ, ಸಂಜೆಯೂ ಇಲ್ಲ.

ಓಣಿಯಲ್ಲಿ ನಲವತ್ತೆಂಟು ಫ್ರೀಜರ್‌ಗಳಿದ್ದವು. ಒಂದೊಂದೂ ಆಳೆತ್ತರ, ಒಳಗೆ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ, ಆ ಚಳಿಯಲ್ಲಿ ಸಾವಿರಾರು ಮಂದಿಯ ರಕ್ತದ ಪುಟ್ಟ ಪುಟ್ಟ ನಳಿಗೆಗಳು. ಪ್ರತಿ ಫ್ರೀಜರಿನ ನೆತ್ತಿಯ ಮೇಲೊಂದು ಬಿಳಿ ಪೆಟ್ಟಿಗೆ. ಒಳಗಿನ ಚಳಿ ಎಷ್ಟಿದೆಯೆಂದು ಅದು ನಿಮಿಷಕ್ಕೊಮ್ಮೆ ಪಕ್ಕದ ಕಟ್ಟಡದ ಸರ್ವರಿಗೆ ವರದಿ ಕಳಿಸಬೇಕು. ಅಲ್ಲಿಂದ ಉತ್ತರ ಬಾರದಿದ್ದರೆ ಪೆಟ್ಟಿಗೆ ಕೂಗುತ್ತದೆ. ಈ ಬೆಳಗ್ಗೆ ಕೂಗುತ್ತಿದ್ದವು ಹನ್ನೊಂದು.

“ಹನ್ನೊಂದು,” ಎಂದಳು ಬಿರ್ಗಿತ್ತಾ, ಗುಡ್ ಮಾರ್ನಿಂಗ್ ಎನ್ನುವ ಬದಲು. ಅವಳು ಈ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ. ಅರವತ್ತಮೂರು ವರ್ಷ, ಬಿಳಿಕೋಟು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. “ಚಳಿ ಸರಿಯಾಗೇ ಇದೆ. ಬಾಗಿಲ ಮೇಲಿನ ಅಂಕಿ ಓದಿದೆ. ಆದರೆ ಮೇಲಿನ ಪರದೆಯಲ್ಲಿ ಈ ಹನ್ನೊಂದೂ ಸತ್ತ ಹಾಗೆ ಕಾಣುತ್ತಿವೆ. ನೀನು ಸರಿಮಾಡುವ ತನಕ ಅರ್ಧ ಗಂಟೆಗೊಮ್ಮೆ ನಾನೇ ಓಡಾಡಿ ಬರೆದುಕೊಳ್ಳಬೇಕು. ನನ್ನ ಮಂಡಿ ಕೇಳ್ತಾ ಇದೆ, ಎಷ್ಟು ಹೊತ್ತಂತೆ?”

“ಮಧ್ಯಾಹ್ನದೊಳಗೆ,” ಎಂದಳು ಪ್ರಫುಲ್ಲಾ. ಯಾವ ಆಧಾರವೂ ಇಲ್ಲದೆ ಮಾತು ಕೊಡುವುದು ಅವಳಿಗೆ ಒಂಬತ್ತು ವರ್ಷಗಳ ಅಭ್ಯಾಸ.

“ಹಾಗಂದರೆ ಹತ್ತು ಸುತ್ತು,” ಎಂದು ಬಿರ್ಗಿತ್ತಾ ಪೆನ್ನು ಒತ್ತಿ ಮುಂದಿನ ಬಾಗಿಲಿಗೆ ನಡೆದಳು.

ಪ್ರಫುಲ್ಲಾ ಮೂಲೆಯ ಚಿಕ್ಕ ಕೋಣೆಯ ಬೀಗ ತೆಗೆದು, ನೆಟ್‌ವರ್ಕ್ ಸ್ವಿಚ್ ಇದ್ದ ಕಪಾಟಿನ ಮುಂದೆ ಮಡಿಸುವ ಸ್ಟೂಲು ಹಾಕಿ ಕೂತಳು. ಲ್ಯಾಪ್‌ಟಾಪು ತೆರೆಯುವ ಮೊದಲೇ ಫೋನು ನಡುಗಿತು. ಮಗಳು ಚಾರ್ವಿ, ಸ್ವೀಡಿಷ್‌ನಲ್ಲಿ: ‘ಮಮ್ಮಾ, ಮನೆ ಯಜಮಾನ ಇವತ್ತು ಐದು ಗಂಟೆಯೊಳಗೆ ಹೌದೋ ಅಲ್ಲವೋ ಹೇಳಿ ಅಂತಿದ್ದಾನೆ. ಬೇರೆಯವರು ಕಾಯ್ತಾ ಇದ್ದಾರಂತೆ. ಏನು ಹೇಳಲಿ?’

ಅವಳು ಫೋನನ್ನು ಮಗುಚಿ ಪಕ್ಕಕ್ಕಿಟ್ಟಳು.

ಆ ಮನೆ ಗೋಥೆನ್‌ಬರ್ಗ್‌ನಿಂದ ಉತ್ತರಕ್ಕೆ, ಕಡಲಿಗೆ ಕಲ್ಲೆಸೆತದ ದೂರದಲ್ಲಿದ್ದ ಎರಡು ಕೋಣೆಯ ಮರದ ಮನೆ. ಜುಲೈ ತಿಂಗಳ ಮೂರು ವಾರಕ್ಕೆ ಬಾಡಿಗೆಗೆ. ಪ್ರಫುಲ್ಲಾಳ ಗಂಡ ಮಧುಸೂದನ್‌ಗೆ ಸ್ಟಾಕ್‌ಹೋಮ್‌ನಲ್ಲಿದ್ದ ಕೆಲಸ ತಪ್ಪಿ, ಗೋಥೆನ್‌ಬರ್ಗ್‌ನ ಕಾರು ಕಾರ್ಖಾನೆಯಲ್ಲಿ ಸಿಕ್ಕಿ ಮೂರು ವರ್ಷವಾಗಿತ್ತು. ಅವನು ಅಲ್ಲಿ, ಅವಳೂ ಮಗಳೂ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ. ಎರಡು ವಾರಕ್ಕೊಮ್ಮೆ ಅವನು ರೈಲು ಹತ್ತಿ ಬರುತ್ತಿದ್ದ. ಅವಳು ಹೋಗುವುದು ಕಡಿಮೆ. ಜೂನ್‌ನಲ್ಲಿ ಚಾರ್ವಿಯ ಶಾಲೆ ಮುಗಿಯುತ್ತದೆ, ಆಗಸ್ಟ್‌ನಲ್ಲಿ ಓದಲು ದೂರದ ಉತ್ತರದ ಉಮಿಯೋಗೆ ಹೊರಡುತ್ತಾಳೆ. ಅಲ್ಲಿಗೆ, ಮೂವರೂ ಒಂದು ಮನೆಯಲ್ಲಿ ಒಟ್ಟಿಗೆ ಏಳುವ ಬೆಳಗುಗಳು ಎಂದರೆ ಇನ್ನು ಆ ಮೂರು ವಾರವೇ. ಹಿಂದಿನ ಎರಡು ಬೇಸಿಗೆ ಹೀಗೇ ಯೋಚಿಸಿದ್ದರು. ಎರಡೂ ಸಲ ಜುಲೈನ ಆನ್‌ಕಾಲ್ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆನ್‌ಕಾಲ್ ಇರುವವರು ಕರೆದ ಒಂದು ಗಂಟೆಯೊಳಗೆ ಫ್ಲೆಮಿಂಗ್ಸ್‌ಬೆರ್ಯ್‌ನ ಈ ಕಟ್ಟಡದಲ್ಲಿರಬೇಕು. ಕಡಲಿನಿಂದ ಇಲ್ಲಿಗೆ ಆರು ಗಂಟೆಯ ದಾರಿ.

ಈ ಬೇಸಿಗೆಯ ಪಟ್ಟಿ ಇವತ್ತು ಮಧ್ಯಾಹ್ನ ಎರಡೂವರೆಯ ಫೀಕಾದಲ್ಲಿ ತೀರ್ಮಾನವಾಗುವುದಿತ್ತು. ಫೀಕಾ ಎಂದರೆ ಕಾಫಿ, ಬನ್ನು, ಹರಟೆ ಎಂದು ಊರಿನಿಂದ ಬಂದವರು ತಿಳಿಯುತ್ತಾರೆ. ಈ ಕಚೇರಿಯಲ್ಲಿ ಎಲ್ಲ ದೊಡ್ಡ ತೀರ್ಮಾನಗಳೂ ಆಗುವುದು ಆ ಬನ್ನಿನ ಮುಂದೆಯೇ.

ಅವಳು ಲ್ಯಾಪ್‌ಟಾಪು ತೆರೆದಳು.

ಈ ಕಟ್ಟಡಕ್ಕೂ ಪಕ್ಕದ ಮುಖ್ಯ ಕಟ್ಟಡಕ್ಕೂ ನಡುವೆ ನೆಲದಡಿಯ ಸುರಂಗದಲ್ಲಿ ನಾಲ್ಕು ಫೈಬರ್ ಎಳೆಗಳು ಹೋಗಿದ್ದವು. ಎರಡು ತುದಿಯಲ್ಲೂ ಒಂದೊಂದು ಸ್ವಿಚ್, ಮಾಹಿತಿಯನ್ನು ಸರಿಯಾದ ದಾರಿಗೆ ಹಚ್ಚುವ ಯಂತ್ರ. ನಾಲ್ಕು ಎಳೆಯನ್ನೂ ಹೊಸೆದು ಒಂದೇ ಹಗ್ಗವೆಂದು ತಿಳಿಯಿರಿ ಎಂದು ಎರಡೂ ಸ್ವಿಚ್‌ಗಳಿಗೆ ಹೇಳಲಾಗಿತ್ತು. ಒಂದು ಹರಿದರೆ ಉಳಿದ ಮೂರು ಭಾರ ಹೊರಲಿ ಎಂಬ ಏರ್ಪಾಡು. ಯಾವ ಪೆಟ್ಟಿಗೆಯ ಮಾತು ಯಾವ ಎಳೆಯ ಮೇಲೆ ಹೋಗಬೇಕೆಂದು ಸ್ವಿಚ್ಚೇ ಗೊತ್ತುಮಾಡುತ್ತದೆ. ಒಮ್ಮೆ ಗೊತ್ತುಮಾಡಿದರೆ ಆ ಪೆಟ್ಟಿಗೆಗೆ ಯಾವಾಗಲೂ ಅದೇ ಎಳೆ.

ನಾಲ್ಕೂ ಎಳೆಗಳ ಪಕ್ಕದಲ್ಲಿ ಹಸಿರು ದೀಪ ಉರಿಯುತ್ತಿತ್ತು.

ದೀಪ ಹಸಿರಿದ್ದರೆ ಮನಸ್ಸು ಬೇರೆ ಕಡೆ ಹುಡುಕುತ್ತದೆ. ಅವಳೂ ಬೇರೆ ಕಡೆಯೇ ಹುಡುಕಿದಳು. ಕೂಗುವ ಪೆಟ್ಟಿಗೆಗಳ ತಂತಿ ಕಿತ್ತು ಕೂಗದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದಳು. ಒಂದು ಪೆಟ್ಟಿಗೆಯನ್ನೇ ಬದಲಿಸಿದಳು. ಹನ್ನೊಂದರಲ್ಲಿ ಸಾಮಾನ್ಯವಾದದ್ದು ಏನಿದೆ ಎಂದು ಓಣಿಯುದ್ದಕ್ಕೂ ನಡೆದಳು. ಎರಡು ಬಾಗಿಲ ಬಳಿ, ಮೂರು ನಡುವೆ, ಒಂದು ಕೊಟ್ಟಕೊನೆಯಲ್ಲಿ, ಉಳಿದವು ಅಲ್ಲೊಂದು ಇಲ್ಲೊಂದು. ಹೊಸವೂ ಇದ್ದವು, ಹಳೆಯವೂ ಇದ್ದವು. ಒಂದಕ್ಕೊಂದು ನಂಟೇ ಕಾಣಲಿಲ್ಲ. ಅಷ್ಟರಲ್ಲಿ ಬಿರ್ಗಿತ್ತಾ ಎರಡು ಸುತ್ತು ಮುಗಿಸಿ, ಮೂರನೆಯದಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದಳು.

ಒಂಬತ್ತರ ಹೊತ್ತಿಗೆ ಪ್ರಫುಲ್ಲಾ ಸರ್ವರ್ ವಿಭಾಗದ ಕೆಂಚಪ್ಪನಿಗೆ ಫೋನು ಮಾಡಿದಳು. ಹಿರಿಯೂರು ಕಡೆಯವನು, ಅವಳಿಗಿಂತ ಆರು ವರ್ಷ ದೊಡ್ಡವನು. ಇಲ್ಲಿನವರ ನಾಲಗೆಗೆ ‘ಕೆಂಚಪ್ಪ’ ಹೊರಳದೆ, ತಮ್ಮಲ್ಲೇ ಇದ್ದ ‘ಕೆಂಟಾ’ ಎಂಬ ಹೆಸರನ್ನು ಅವನಿಗೆ ತೊಡಿಸಿದ್ದರು. ಅವನೂ ಅದನ್ನು ಹಳೆಯ ಅಂಗಿಯಂತೆ ಆರಾಮವಾಗಿ ತೊಟ್ಟುಕೊಂಡಿದ್ದ.

“ಏನ್ ತಾಯಿ, ಬೆಳ್‌ಬೆಳಗ್ಗೆನೇ ಪಾತಾಳಕ್ಕೆ ಇಳಿದುಬಿಟ್ಟಿದೀರಂತೆ?”

“ನಿಮ್ ಸರ್ವರ್ ಸರಿಗಿದ್ಯಾ ಕೆಂಚಪ್ಪನೋರೇ? ಮೊದ್ಲು ಅದ್ ಹೇಳಿ.”

“ನನ್ ಸರ್ವರ್‌ಗೇನ್ ದಾಡಿ. ಮೂವತ್ತೇಳು ಪೆಟ್ಟಿಗೆ ಹತ್ರ ಚೆನ್ನಾಗ್ ಮಾತಾಡ್ತಾ ಇದೆ. ನಿಮ್ ಹನ್ನೊಂದೇ ಮುನಿಸ್ಕೊಂಡಿರೋದು. ತಿಂಡಿ ಆಯ್ತಾ?”

“ಆರೂ ಐವತ್ತಕ್ಕೆ ಕಾಲ್ ಬಂತು. ಬಾಳೆಹಣ್ ತಿಂದೆ ಟ್ರೇನಲ್ಲಿ.”

“ಬಾಳೆಹಣ್ ಒಂದ್ ತಿಂಡಿನಾ? ಬನ್ನಿ ಮೇಲಕ್ಕೆ. ನಮ್ಮನೇಲಿ ಚಿತ್ರಾನ್ನ ಕಟ್‌ಕೊಟ್ಟವ್ಳೆ.”

“ಆಗಲ್ಲ. ಬಿರ್ಗಿತ್ತಾ ಮಂಡಿ ಹಿಡ್ಕೊಂಡ್ ಓಡಾಡ್ತಿದಾಳೆ, ನೋಡಕ್ಕಾಗ್ತಿಲ್ಲ.”

ಆಚೆ ಕೆಂಚಪ್ಪ ನಕ್ಕ. ಆಮೇಲೆ ದನಿ ತಗ್ಗಿಸಿ, “ಇವತ್ ಲಿಸ್ಟ್ ಅಲ್ವಾ? ಏನ್ ಮಾಡ್ತೀರಾ?” ಎಂದ.

“ನೋಡ್ಬೇಕು.”

“ಏನ್ ನೋಡೋದು! ಎರಡ್ ವರ್ಷದಿಂದ ನೋಡ್ತಾನೇ ಇದೀರ. ಸುಮ್ನೆ ಕೂತ್ರೆ ಬರ್ದ್ಬಿಡ್ತಾರೆ ಇವ್ರು. ನಾನ್ ಬಂದ್ ಮೊದಲ್ನೇ ವಾರನೇ ಒಂದೇ ಒಂದ್ ಪದ ಕಲ್ತೆ. ‘ನೇಯ್’. ಇಲ್ಲ ಅಂತ. ಬೆನ್ನು ನೋವು, ನೇಯ್ ಅಂದೆ. ಅಷ್ಟೇ. ಬನ್ ತಿಂದೆ, ಎದ್ ಬಂದೆ.”

“ನಿಮ್ ಬೆನ್ ನೋವಿಗೆ ನಾನ್ ತಾನೆ ದುಡೀತಿರೋದು?”

“ಅದಕ್ಕೇ ತಾಯಿ ಚಿತ್ರಾನ್ನ ಅಂದಿದ್ದು,” ಎಂದ ಕೆಂಚಪ್ಪ, ಸ್ವಲ್ಪವೂ ನಾಚದೆ.

ಅವಳಿಗೂ ನಗು ಬಂತು. ಫೋನಿಟ್ಟ ಮೇಲೆ ನಗು ಎಲ್ಲೋ ಇಳಿದುಹೋಯಿತು.

ಅವನು ಹೇಳಿದ್ದು ನಿಜ. ಪ್ರಫುಲ್ಲಾ ಬೆಳೆದದ್ದು ದಾವಣಗೆರೆಯಲ್ಲಿ. ತಾಯಿ ವಸಂತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಎಂಟು ಗಂಟೆ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟು ಮನೆಗೆ ಬಂದರೆ ಅವರಿಗೆ ಮಾತೇ ಬೇಕಾಗುತ್ತಿರಲಿಲ್ಲ. ಅಕ್ಕಪಕ್ಕದವರು ಆಗದ ಕೆಲಸ ಹೇಳಿಕೊಂಡು ಬಂದರೆ ವಸಂತಿ ಇಲ್ಲ ಎನ್ನುತ್ತಿರಲಿಲ್ಲ. ಸುಮ್ಮನಿರುತ್ತಿದ್ದರು. ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದರು. ಬಂದವರು ಆ ಸುಮ್ಮನಿರುವಿಕೆಯನ್ನು ಒಂದೆರಡು ಗುಟುಕಿನಲ್ಲೇ ಅರ್ಥಮಾಡಿಕೊಂಡು, ‘ಹೋಗ್ಲಿ ಬಿಡಿ ವಸಂತಮ್ಮ, ಬೇರೆ ಎಲ್ಲಾದ್ರೂ ಕೇಳ್ತೀವಿ’ ಎಂದು ಏಳುತ್ತಿದ್ದರು. ಯಾರ ಮುಖವೂ ಕೆಡುತ್ತಿರಲಿಲ್ಲ. ಒಲ್ಲೆ ಎಂಬುದನ್ನು ಹೇಳುವ ಮರ್ಯಾದಸ್ತ ರೀತಿ ಅದೇ ಎಂದು ಪ್ರಫುಲ್ಲಾ ಕಲಿತದ್ದು ಆ ಅಡುಗೆಮನೆಯಲ್ಲಿ.

ಆ ಕಲಿಕೆಯನ್ನೇ ಹೊತ್ತು ಅವಳು ಗಂಡನ ಹಿಂದೆ ಈ ದೇಶಕ್ಕೆ ಬಂದಳು. ಮಗು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗುವ ತನಕ ಮನೆಯಲ್ಲಿದ್ದಳು. ಸಂಜೆ ತರಗತಿಗೆ ಹೋಗಿ ಭಾಷೆ ಕಲಿತಳು. ಊರಿನಲ್ಲಿ ಓದಿದ ಎಂಜಿನಿಯರಿಂಗಿನ ಧೂಳು ಕೊಡವಿ, ಮೂವತ್ತೇಳನೆಯ ವಯಸ್ಸಿನಲ್ಲಿ ಇಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದಳು. ಮೇಲಧಿಕಾರಿ ಉಲ್ರಿಕಾಳನ್ನು ಬರಿಯ ಹೆಸರು ಹಿಡಿದು ಕರೆಯಲು ಅವಳಿಗೆ ಒಂದೂವರೆ ವರ್ಷ ಹಿಡಿಯಿತು. ಮೊದಲ ಸಭೆಯಲ್ಲಿ ಉಲ್ರಿಕಾ ಪಟ್ಟಿ ಹಿಡಿದು, “ಪ್ರಫುಲ್ಲಾ ಕೂಡ ಆನ್‌ಕಾಲ್ ತೆಗೆದುಕೊಳ್ಳಲಿ ಅಂತ ಯೋಚನೆ. ಯಾರಿಗಾದರೂ ಬೇರೆ ಅಭಿಪ್ರಾಯ?” ಎಂದಳು. ಮಗಳಿಗೆ ಆಗ ಹತ್ತು ವರ್ಷ. ಪ್ರಫುಲ್ಲಾ ಮೇಜಿನ ಮೇಲಿನ ಸಕ್ಕರೆ ಡಬ್ಬಿಯನ್ನೇ ನೋಡುತ್ತ ಸುಮ್ಮನೆ ಕೂತಳು. ತನ್ನ ಮಟ್ಟಿಗೆ ಅವಳು ಸ್ಪಷ್ಟವಾಗಿ, ಗಟ್ಟಿಯಾಗಿ, ಒಲ್ಲೆ ಎಂದಿದ್ದಳು. “ಒಳ್ಳೆಯದು, ಹಾಗಾದರೆ ಎಲ್ಲರಿಗೂ ಒಪ್ಪಿಗೆ,” ಎಂದು ಉಲ್ರಿಕಾ ಹೆಸರು ಬರೆದುಕೊಂಡಳು. ಅವಳದೂ ತಪ್ಪಲ್ಲ. ಈ ಊರಿನಲ್ಲಿ ಬೇಡದವರು ಬೇಡ ಎನ್ನುತ್ತಾರೆ. ಸುಮ್ಮನಿದ್ದವರು ಒಪ್ಪಿದವರು. ಹೀಗೆ ಐವರಿದ್ದ ಪಟ್ಟಿಯಿಂದ ಒಬ್ಬೊಬ್ಬರೇ ಬಾಯಿ ತೆರೆದು ಹೊರಬಿದ್ದು, ಈಗ ಉಳಿದದ್ದು ಇಬ್ಬರು, ಅವರಲ್ಲಿ ಒಬ್ಬಳು ಅವಳು.

ಪೀಂ, ಎಂದಿತು ಬಾಗಿಲ ಬಳಿಯ ಪೆಟ್ಟಿಗೆ.

ಹನ್ನೊಂದು, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ನಲವತ್ತೆಂಟರಲ್ಲಿ ಹನ್ನೊಂದು. ಹೆಚ್ಚೂಕಡಿಮೆ ಕಾಲು ಭಾಗ. ನಾಲ್ಕು ಎಳೆಯಲ್ಲಿ ಒಂದು ಎಂದರೂ ಕಾಲು ಭಾಗವೇ.

ಅವಳು ಎದ್ದವಳು ಮತ್ತೆ ಸ್ಟೂಲಿನ ಮೇಲೆ ಕೂತಳು. ಒಂದೊಂದು ಎಳೆಯ ಮೇಲೂ ಎಷ್ಟು ಹೋಗಿದೆ, ಎಷ್ಟು ಬಂದಿದೆ ಎಂಬ ಅಂಕಿಗಳನ್ನು ಪರದೆಗೆ ತಂದಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದರಲ್ಲಿ ಹೋದದ್ದು ಏರುತ್ತಲೇ ಇತ್ತು. ಬಂದದ್ದು ನಿಂತಲ್ಲೇ ನಿಂತಿತ್ತು. ಎರಡು ನಿಮಿಷ ಕಾದು ನೋಡಿದಳು. ಹಾಗೆಯೇ. ದೀಪ ಮಾತ್ರ ಹಸಿರು. ಹನ್ನೊಂದು ಪೆಟ್ಟಿಗೆಗಳು ಆ ದೀಪವನ್ನು ನಂಬಿ ಬೆಳಗಿನಿಂದ ಅದೇ ದಾರಿಯಲ್ಲಿ ವರದಿ ಕಳಿಸುತ್ತಲೇ ಇದ್ದವು.

ಮೂರನೆಯ ಎಳೆಯನ್ನು ಮುಚ್ಚಬೇಕು. ಇಲ್ಲಿ ಮಾತ್ರ ಮುಚ್ಚಿದರೆ ಸಾಲದು, ಆ ತುದಿಯಲ್ಲೂ ಮುಚ್ಚಬೇಕು. ಇಲ್ಲವಾದರೆ ಉತ್ತರಗಳು ಅಲ್ಲಿಂದ ಅದೇ ಎಳೆಗೆ ಬಿದ್ದು ಕಳೆದುಹೋಗುತ್ತವೆ. ಅವಳು ಎರಡೂ ಸ್ವಿಚ್‌ಗಳಿಗೆ ಲ್ಯಾಪ್‌ಟಾಪಿನಿಂದಲೇ ಆಜ್ಞೆ ಕೊಟ್ಟಳು.

ಓಣಿಯಲ್ಲಿ ಒಂದು ಪೀಂ ಕಡಿಮೆಯಾಯಿತು. ಆಮೇಲೆ ಇನ್ನೊಂದು. ನಿಮಿಷದೊಳಗೆ ಕೂಗುಗಳು ಒಂದೊಂದಾಗಿ ಉದುರಿ, ಕೊನೆಗೆ ಫ್ರೀಜರ್‌ಗಳ ಗುಂಯ್ ಎಂಬ ದನಿಯೊಂದೇ ಉಳಿಯಿತು. ಆ ದನಿ ಅಲ್ಲಿ ಮೊದಲಿನಿಂದಲೂ ಇತ್ತು ಎಂಬುದು ಆಗಷ್ಟೇ ನೆನಪಾಯಿತು.

“ಹತ್ತೂ ಇಪ್ಪತ್ತು,” ಎಂದಳು ಬಿರ್ಗಿತ್ತಾ ಬಾಗಿಲಿನಿಂದ ಇಣುಕಿ. “ಐದು ಸುತ್ತು ಉಳಿಸಿದೆ. ನನ್ನ ಮಂಡಿಯ ಪರವಾಗಿ ಧನ್ಯವಾದ.”

ಕೆಲಸ ಮುಗಿದಿರಲಿಲ್ಲ. ಎಳೆ ಎಲ್ಲಿ ಕೆಟ್ಟಿದೆ ಎಂದು ನೋಡಲು ಪ್ರಫುಲ್ಲಾ ಸುರಂಗಕ್ಕೆ ಇಳಿದಳು. ಆಸ್ಪತ್ರೆಯ ಕಡೆಗೆ ಹೋಗುವ ಬಟ್ಟೆಗಾಡಿಗಳು, ಊಟದ ಗಾಡಿಗಳು ಅವಳ ಪಕ್ಕದಲ್ಲೇ ಗಡಗಡ ಎಂದು ದಾಟಿದವು. ಅರ್ಧ ದಾರಿಯಲ್ಲಿ ಎಲ್ಲ ಕಟ್ಟಡಗಳ ಫೈಬರ್‌ಗಳೂ ಕೂಡಿ ಕವಲೊಡೆಯುವ ಒಂದು ಕೋಣೆ. ಇವತ್ತು ಬೆಳಗಿನ ಜಾವ ಗುತ್ತಿಗೆಯವರು ಅಲ್ಲಿ ಹೊಸ ಪ್ಯಾನೆಲ್ ಕೂರಿಸಿದ್ದರು. ಎಲ್ಲ ಕೇಬಲ್‌ಗಳನ್ನೂ ಬಿಡಿಸಿ, ಮತ್ತೆ ಬಾಚಿ ಜಡೆ ಹಾಕಿದಂತೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು. ಎರಡು ಮಾತ್ರ ಅದಲುಬದಲಾಗಿದ್ದವು. ಫ್ರೀಜರ್ ಕಟ್ಟಡದ ಮೂರನೆಯ ಎಳೆ ಮುಖ್ಯ ಸ್ವಿಚ್ಚಿನ ಬೇರೊಂದು ಪೋರ್ಟಿಗೆ ಹೋಗಿತ್ತು. ಅದರ ಜಾಗದಲ್ಲಿ ದುರಸ್ತಿಯಲ್ಲಿದ್ದ ಖಾಲಿ ಕಟ್ಟಡವೊಂದರ ಎಳೆ ಬಂದು ಕೂತಿತ್ತು. ಎರಡು ತುದಿಯಲ್ಲೂ ಯಾವುದೋ ಒಂದು ಸ್ವಿಚ್ ಇತ್ತು, ಬೆಳಕು ಬರುತ್ತಿತ್ತು. ಆದ್ದರಿಂದ ದೀಪ ಹಸಿರು. ಖಾಲಿ ಕಟ್ಟಡದಲ್ಲಿ ಮನುಷ್ಯರೇ ಇರಲಿಲ್ಲ, ಆದ್ದರಿಂದ ಅಲ್ಲಿಂದ ದೂರೂ ಇಲ್ಲ.

ಎರಡನ್ನೂ ಕಿತ್ತು ಸರಿಯಾದ ಜಾಗಕ್ಕೆ ಹಾಕಲು ಅರ್ಧ ನಿಮಿಷ ಸಾಕಾಯಿತು. ಅವಳು ನೆಲದ ಮೇಲೆಯೇ ಗೋಡೆಗೊರಗಿ ಕೂತಳು. ಆಗ ಅವಳನ್ನು ಇನ್ನೊಂದು ಪ್ರಶ್ನೆ ಹಿಡಿಯಿತು. ಇಂಥ ಎಡವಟ್ಟು ಆಗಬಾರದೆಂದೇ ಒಂದು ಏರ್ಪಾಡಿದೆಯಲ್ಲ? ಎಳೆಗಳನ್ನು ಹೊಸೆದ ಎರಡು ಸ್ವಿಚ್‌ಗಳು ಪ್ರತಿ ಎಳೆಯ ಮೇಲೂ ಆಗಾಗ ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರಬೇಕು: ನಾನು ಇಂಥವನು, ನೀನು ಯಾರು? ಉತ್ತರ ಹೊಂದದಿದ್ದರೆ ಆ ಎಳೆಯನ್ನು ತಾನಾಗಿಯೇ ಹೊರಗಿಡಬೇಕು. ಹಾಗಾಗಿದ್ದರೆ ಬೆಳಗ್ಗೆ ಒಂದು ಪೆಟ್ಟಿಗೆಯೂ ಕೂಗುತ್ತಿರಲಿಲ್ಲ. ಇವು ಯಾಕೆ ವಿಚಾರಿಸಿಕೊಳ್ಳಲಿಲ್ಲ?

ಮೊಣಕಾಲ ಮೇಲೆ ಲ್ಯಾಪ್‌ಟಾಪು ಇಟ್ಟು ನೋಡಿದಳು. ವಿಚಾರಣೆಯನ್ನು ಎರಡೂ ತುದಿಯಲ್ಲಿ ತೆಗೆದುಹಾಕಲಾಗಿತ್ತು. ದೀಪ ಉರಿದರೆ ಸಾಕು, ಎಳೆ ನಮ್ಮದೇ ಎಂದು ತಿಳಿ ಎಂದು ಬರೆದಿತ್ತು. ಬದಲಾವಣೆ ಮಾಡಿದ ದಿನ: ಎರಡು ವರ್ಷದ ಹಿಂದಿನ ಜುಲೈ ಹದಿನೇಳು. ಮಾಡಿದವರು: ಅವಳದೇ ಹೆಸರು.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಆ ದಿನ ಪೂರ್ತಿಯಾಗಿ ನೆನಪಿಗೆ ಬಂತು.

ಜುಲೈನಲ್ಲಿ ಈ ದೇಶ ಬಾಗಿಲೆಳೆದುಕೊಂಡು ದೋಣಿ ಹತ್ತುತ್ತದೆ. ಇಡೀ ಕಟ್ಟಡದಲ್ಲಿ ಅವಳೊಬ್ಬಳೇ ಇದ್ದಳು. ಹಳೆಯ ಸ್ವಿಚ್ ಸುಟ್ಟುಹೋಗಿ, ಬೇರೆ ತಯಾರಿಕೆಯ ಹೊಸದನ್ನು ಕೂರಿಸಿದ್ದಳು. ಎಷ್ಟು ಮಾಡಿದರೂ ಎರಡು ತುದಿಗಳೂ ಒಂದಾಗಲೊಲ್ಲವು. ಫ್ರೀಜರ್‌ಗಳು ಕೂಗುತ್ತಿದ್ದವು. ಮುಖ್ಯ ಸ್ವಿಚ್ಚನ್ನು ಬಲ್ಲವನು ಯೋನಾಸ್ ಎಂಬ ಸಹೋದ್ಯೋಗಿ; ಅವನು ದ್ವೀಪಗಳ ನಡುವೆ ಎಲ್ಲೋ ಹಾಯಿದೋಣಿಯಲ್ಲಿದ್ದ. ರಜೆಯಲ್ಲಿರುವವರನ್ನು ಇಲ್ಲಿ ಕರೆಯಬಾರದು ಎಂದು ಅವಳು ತಿಳಿದಿದ್ದಳು. ಯಾರೂ ಹಾಗೆಂದು ಹೇಳಿರಲಿಲ್ಲ. ಅವಳೇ ನೋಡಿ ತಿಳಿದುಕೊಂಡಿದ್ದಳು. ಹೇಗೋ ಹೊಂದಿಸಿದರಾಯಿತು, ಆಗಸ್ಟ್‌ನಲ್ಲಿ ಕೇಳೋಣ ಎಂದು ವಿಚಾರಣೆಯನ್ನೇ ತೆಗೆದುಬಿಟ್ಟಳು. ಎಳೆಗಳು ಒಂದಾದವು, ಕೂಗು ನಿಂತಿತು. ಆಗಸ್ಟ್‌ನಲ್ಲಿ ಎಲ್ಲರೂ ಬಿಸಿಲಿಗೆ ಕಂದಿ ಬಂದು ದೋಣಿಗಳ ಕತೆ ಹೇಳಿದರು. ಆ ನಗೆಯ ನಡುವೆ ತನ್ನ ಅರಿಯದಿರುವಿಕೆಯನ್ನು ಎತ್ತಿಡಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿದರೆ ಏನಂದುಕೊಂಡಾರು, ಇಷ್ಟೂ ಗೊತ್ತಿಲ್ಲವೆ ಎಂದಾರು. ಸೆಪ್ಟೆಂಬರ್ ಬಂತು. ಆಮೇಲೆ ಮರೆತೇಹೋಯಿತು.

ಅವಳು ಯೋನಾಸ್‌ಗೆ ಫೋನು ಮಾಡಿ ಆ ಜುಲೈನ ಕತೆ ಹೇಳಿದಳು. ಹಿನ್ನೆಲೆಯಲ್ಲಿ ಮಗು ಅಳುತ್ತಿತ್ತು. ಕಾಯಿಲೆಯ ಮಗುವಿಗಾಗಿ ಅವನು ಮನೆಯಲ್ಲಿದ್ದ. ಆದರೂ ತನ್ನ ಲ್ಯಾಪ್‌ಟಾಪಿನಲ್ಲಿ ನೋಡಿದ.

“ಓ,” ಎಂದ. “ಸರಳ ಇದೆ. ಅವತ್ತು ನಿನ್ನ ತುದಿಯೂ ಕಾಯ್ತಾ ಇತ್ತು, ನನ್ನ ತುದಿಯೂ ಕಾಯ್ತಾ ಇತ್ತು. ಇನ್ನೊಬ್ಬರು ಮೊದಲು ಕೇಳಲಿ ಅಂತ. ವಿಚಾರಣೆ ಮತ್ತೆ ಹಾಕಿ, ಒಂದು ಕಡೆ ‘ನೀನೇ ಕೇಳು’ ಅಂತ ಒಂದು ಪದ ಬದಲಾಯಿಸಿದರೆ ಆಯ್ತು. ನಾನು ನೋಡ್ತಾ ಇದ್ದೀನಿ, ಮಾಡು.”

ಅವಳು ಮಾಡಿದಳು, ಬೆಳಗ್ಗೆ ಮುಚ್ಚಿದ್ದ ಮೂರನೆಯ ಎಳೆಯನ್ನೂ ತೆರೆದಳು. ಒಂದೆರಡು ಸೆಕೆಂಡು ಎಲ್ಲವೂ ಉಸಿರು ಹಿಡಿದಂತಾಗಿ, ನಾಲ್ಕೂ ಎಳೆಗಳು ಒಂದೊಂದಾಗಿ ಬಂದು ಕೂಡಿಕೊಂಡವು.

“ಆಗಲೇ ಯಾಕೆ ಫೋನ್ ಮಾಡಲಿಲ್ಲ?” ಎಂದು ಕೇಳಿದ ಯೋನಾಸ್. ದನಿಯಲ್ಲಿ ಆರೋಪ ಇರಲಿಲ್ಲ.

“ನೀನು ದೋಣಿಯಲ್ಲಿದ್ದೆ.”

“ಹೌದು. ಫೋನೂ ದೋಣಿಯಲ್ಲೇ ಇತ್ತು.” ಅವನು ನಕ್ಕ. “ಎರಡು ನಿಮಿಷದ ಕೆಲಸ, ಪ್ರಫುಲ್ಲಾ.”

ಎರಡು ನಿಮಿಷ. ಅವಳು ಸುರಂಗದ ತಣ್ಣನೆಯ ನೆಲದ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಉದ್ದನೆಯ ದಾರಿ ನಡೆದು ಬಂದ ಮೇಲೆ ಪಕ್ಕದಲ್ಲೇ ಒಂದು ಒಳದಾರಿ ಇತ್ತು ಎಂದು ಯಾರೋ ಹೇಳಿದಾಗ ಕಾಲುಗಳಿಗೆ ಆಗುವ ನೋವು, ಅಷ್ಟೇ. ಫೋನು ಮತ್ತೆ ನಡುಗಿತು. ಮಧುಸೂದನ್. “ಚಾರ್ವಿ ಕೇಳ್ತಾ ಇದಾಳೆ. ನಿಂಗೆ ಆಗ್ದೇ ಹೋದ್ರೆ ಬಿಡು ಮಾರಾಯ್ತಿ, ನಾವಿಬ್ರೇ ಹೋಗ್ತೀವಿ. ನೀನ್ ಬೇಜಾರ್ ಮಾಡ್ಕೋಬೇಡ,” ಎಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಅವನ ಆ ಮೆದುತನ ಜಗಳಕ್ಕಿಂತ ಭಾರವಾಗಿತ್ತು. ಮೂರು ವರ್ಷಗಳಲ್ಲಿ ಅವನು ಅವಳಿಲ್ಲದೆ ಹೊಂದಿಕೊಳ್ಳುವುದನ್ನು ಕಲಿತುಬಿಟ್ಟಿದ್ದ.

ಎರಡೂವರೆಗೆ ಮೂರನೆಯ ಮಹಡಿಯ ಅಡುಗೆಕೋಣೆಯಲ್ಲಿ ಎಲ್ಲರೂ ಸೇರಿದರು. ಏಲಕ್ಕಿ ಬನ್ನಿನ ತಟ್ಟೆ, ಕಾಫಿಯ ಫ್ಲಾಸ್ಕು, ಕಿಟಕಿಯಾಚೆ ಹೊಸದಾಗಿ ಚಿಗುರಿದ ಬರ್ಚ್ ಮರಗಳು. ಯೋನಾಸ್ ಪರದೆಯ ಮೇಲಿದ್ದ, ತೊಡೆಯ ಮೇಲೆ ಮಗು. ಕೆಂಚಪ್ಪ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದ.

ಉಲ್ರಿಕಾ ಒಳ್ಳೆಯ ಹೆಂಗಸು. ಅವಳನ್ನು ದ್ವೇಷಿಸಲು ಸಾಧ್ಯವಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಪ್ರಫುಲ್ಲಾಗೆ ಎಷ್ಟೋ ಸಲ ಅನ್ನಿಸಿದ್ದುಂಟು.

“ಮೊದಲು ಬೆಳಗಿನ ವಿಷಯ,” ಎಂದಳು ಉಲ್ರಿಕಾ. “ಗುತ್ತಿಗೆಯವರ ಕೈತಪ್ಪು, ಅಲ್ಲವಾ?”

“ಅರ್ಧ ಅವರದು,” ಎಂದಳು ಪ್ರಫುಲ್ಲಾ. “ಉಳಿದರ್ಧ ನನ್ನದು. ವಿಚಾರಣೆಯನ್ನು ತೆಗೆದುಹಾಕಿದ್ದು ನಾನು. ಎರಡು ವರ್ಷದ ಹಿಂದೆ, ಜುಲೈನಲ್ಲಿ.”

“ನಾವು ತಪ್ಪು ಯಾರದು ಅಂತ ಹುಡುಕೋದಿಲ್ಲ,” ಎಂದಳು ಉಲ್ರಿಕಾ ಬೇಗನೆ, ಮೃದುವಾಗಿ. “ಇದು ವ್ಯವಸ್ಥೆಯ ಲೋಪ.”

“ನನಗೆ ಗೊತ್ತಿಲ್ಲದ್ದನ್ನು ಕೇಳೋಕೆ ಅವತ್ತು ಇಲ್ಲಿ ಯಾರೂ ಇರಲಿಲ್ಲ. ಅದು ಲೋಪ.”

“ಒಳ್ಳೆಯ ಮಾತು. ಬರೆದುಕೊಳ್ತೇನೆ.” ಉಲ್ರಿಕಾ ಬರೆದುಕೊಂಡಳು. ಹಾಳೆ ಮಗುಚಿದಳು. “ಈಗ ಬೇಸಿಗೆ. ಜುಲೈನ ಮೂರು ವಾರ, ಅಂದರೆ ವರ್ಷದ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತನೆಯ ವಾರ. ಆ ನೆಲಮಾಳಿಗೆಯನ್ನು ಪ್ರಫುಲ್ಲಾಳಷ್ಟು ಚೆನ್ನಾಗಿ ಬಲ್ಲವರು ಇಲ್ಲ ಅಂತ ಇವತ್ತು ಮತ್ತೆ ಗೊತ್ತಾಯ್ತು. ಹಿಂದಿನ ಸಲದ ಹಾಗೇ ಅಂತ ನಾನು ಯೋಚಿಸಿದ್ದೆ. ಯಾರಿಗಾದರೂ ಬೇರೆ ಅಭಿಪ್ರಾಯ?”

ಯಾರೋ ಬನ್ನು ಮುರಿದರು. ಪರದೆಯಲ್ಲಿ ಮಗು ಕೆಮ್ಮಿತು. ಕೆಂಚಪ್ಪ ಚಾವಣಿ ನೋಡುತ್ತ, ಅವಳ ಹೊರತು ಅಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ, ಹಾಡು ಗುನುಗುವಂತೆ ಅಂದ: “ಬಾಯ್ ಬಿಡಿ ತಾಯಿ, ಬಾಯ್ ಬಿಡಿ.”

“ನೇಯ್,” ಎಂದಳು ಪ್ರಫುಲ್ಲಾ.

ಬಹಳ ಮೆಲ್ಲಗೆ ಬಂತು ಅದು. ಉಲ್ರಿಕಾ ತಲೆಯೆತ್ತಿದಳು. “ಏನಂದೆ?”

“ಇಲ್ಲ. ಆ ಮೂರು ವಾರ ನನಗೆ ಆಗುವುದಿಲ್ಲ. ನಾನು ಇರುವುದಿಲ್ಲ.”

ಆಕಾಶ ಕಳಚಿ ಬೀಳಲಿಲ್ಲ. ಯಾರ ಮುಖವೂ ಕೆಡಲಿಲ್ಲ. ಉಲ್ರಿಕಾ ಪೆನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ, ನಿಜವಾದ ಕಾಳಜಿಯಿಂದ ಮುಂದಕ್ಕೆ ಬಾಗಿದಳು. “ಹೇಳಿದ್ದು ಒಳ್ಳೆಯದಾಯ್ತು. ಕೇಳಿಸಿಕೊಂಡೆ. ನೀನು ಮೊದಲು ಯಾವತ್ತೂ ಹೇಳಿರಲಿಲ್ಲ, ಹಾಗಾಗಿ ನಿನಗೆ ಇಷ್ಟವೇ ಅಂತ ನಾವೆಲ್ಲ ತಿಳಿದಿದ್ದೆವು. ಹಾಗಾದರೆ ಒಟ್ಟಿಗೆ ಯೋಚಿಸೋಣ. ಯೋನಾಸ್‌ನ ಮಗು ಚಿಕ್ಕದು. ಕೆಂಟಾಗೆ ಬೆನ್ನು. ಮೂರೂ ವಾರ ಬೇಡ, ಸರಿ. ಎರಡು ವಾರ ಅಂದರೆ ನಿನಗೆ ಹೇಗನ್ನಿಸುತ್ತೆ?”

“ಆಗುವುದಿಲ್ಲ.”

“ಒಂದು? ಇಪ್ಪತ್ತೆಂಟನೆಯದು ಮಾತ್ರ? ಇಲ್ಲಾಂದರೆ ನೀನು ಎಲ್ಲಿದ್ದರೂ ಪರವಾಗಿಲ್ಲ, ಫೋನು ತೆರೆದಿಟ್ಟಿದ್ದರೆ...”

ಪ್ರಫುಲ್ಲಾಳ ಕತ್ತು ಆಗಲೇ ಸ್ವಲ್ಪ ಬಾಗತೊಡಗಿತ್ತು. ಅದು ಅವಳಿಗೇ ಗೊತ್ತಾಯಿತು. ಆ ದನಿ ಬೆಚ್ಚಗಿತ್ತು, ಎದುರಿನ ಕಣ್ಣುಗಳಲ್ಲಿ ಕಪಟವಿರಲಿಲ್ಲ. ಮಾತಾಡುವವರು ಮಾತು ಮುಗಿಸುವ ತನಕ ಎದುರಿಗೆ ಕೂತಿರುವುದು ಅವಳ ಮೈಗಂಟಿದ ಮರ್ಯಾದೆ. ಈ ವಾಕ್ಯ ಮುಗಿಯುವ ತನಕ ಕೂತರೆ, ಅದರ ಕೊನೆಗೆ ತಾನು ಹೂಂ ಎಂದೇ ಎನ್ನುತ್ತೇನೆ. ಒಂದು ವಾರ ಎರಡಾಗುತ್ತದೆ. ಕಡಲ ಪಕ್ಕದ ಮನೆಯಲ್ಲಿ ಅಪ್ಪನೂ ಮಗಳೂ ಇಬ್ಬರೇ ಏಳುತ್ತಾರೆ.

ಅವಳು ಎದ್ದಳು. ಕುರ್ಚಿ ನೆಲಕ್ಕೆ ಉಜ್ಜಿ ಸದ್ದಾಯಿತು.

“...ಅಥವಾ ಗುರುವಾರ ನಾವಿಬ್ಬರೇ ಕೂತು, ನಿನಗೆ ಯಾವುದು ಭಾರ ಅನ್ನಿಸುತ್ತೆ ಅಂತ ನಿಧಾನವಾಗಿ...” ಉಲ್ರಿಕಾ ಹೇಳುತ್ತಲೇ ಇದ್ದಳು, ಅವಳು ಕಾಫಿ ಬಗ್ಗಿಸಿಕೊಳ್ಳಲು ಎದ್ದಿದ್ದಾಳೆಂದು ತಿಳಿದು.

ಪ್ರಫುಲ್ಲಾ ತನ್ನ ಲೋಟವನ್ನು ಡಿಶ್‌ವಾಷರಿನಲ್ಲಿಟ್ಟಳು. ಕೋಟು ತೆಗೆದುಕೊಂಡಳು. ಕೆಂಚಪ್ಪ ಅವಳಿಗೆ ದಾರಿ ಬಿಡಲು ತನ್ನ ಕುರ್ಚಿಯನ್ನು ಒಂದಿಷ್ಟು ಸರಿಸಿಕೊಂಡ.

“ಪ್ರಫುಲ್ಲಾ? ನಾವಿನ್ನೂ ತೀರ್ಮಾನ...”

ಅವಳು ಆಗಲೇ ಓಣಿಯಲ್ಲಿದ್ದಳು, ನಡೆಯುತ್ತಲೇ ಮಗಳ ನಂಬರು ಒತ್ತುತ್ತ.